ದೀಪದ ಎಣ್ಣೆಯ ಖರ್ಚು ಯಾರ ಲೆಕ್ಕಕ್ಕೆ?

ವಿಜಯಪುರ ಜಿಲ್ಲೆಯಲ್ಲಿ ನಾನು ಸೇವೆಯಲ್ಲಿದ್ದಾಗ ನಮ್ಮ ಕಚೇರಿಯ ಜೀಪು ಓಡಿಸುತ್ತಿದ್ದವರು ಇಂಡಿ ತಾಲ್ಲೂಕಿನ ಸಾಲೋಟಗಿಯವರು. ನಿವೃತ್ತಿಯ ನಂತರ ಊರಿಗೆ ಮರಳಿ ಲಿಂಬೆ ತೋಟ ನೋಡಿಕೊಂಡಿದ್ದಾರೆ. ಇತ್ತೀಚೆಗೆ ಆ ಕಡೆ ಹೋದವನು ಅವರ ಮನೆಗೆ ಹೋಗದೆ ಬರಲಾಗಲಿಲ್ಲ. ಮನೆಯ ಮುಂದಿನ ಕಟ್ಟೆಯ ಒಂದು ತುದಿಯಲ್ಲಿ ಅವರ ಮೊಮ್ಮಗ, ಪಿಯುಸಿ ಓದುವ ಹುಡುಗ, ಎರಡೂ ಕೈಯಲ್ಲಿ ಮೊಬೈಲ್ ಹಿಡಿದು ಕುಳಿತಿದ್ದ. ಮನೆಯಲ್ಲಿ ಆ ತುದಿಯಲ್ಲಿ ಮಾತ್ರ ಸಿಗ್ನಲ್ ನೆಟ್ಟಗೆ ಸಿಗುತ್ತದೆಯಂತೆ. ಅಜ್ಜ ಗದರಿದಾಗ ಹುಡುಗ ತಲೆ ಎತ್ತದೆಯೇ, ಇದು ಈಗ ಸರಕಾರವೇ ಒಪ್ಪಿದ ಕ್ರೀಡೆ, ಏಷ್ಯನ್ ಗೇಮ್ಸ್‌ನಲ್ಲಿಯೂ ಇದೆ ಎಂದ. ಅಜ್ಜ ನನ್ನತ್ತ ತಿರುಗಿ ಕೇಳಿದರು: ‘ಸಾಹೇಬ್ರ, ನೀವs ಹೇಳ್ರಿ. ಇದು ಆಟ ಏನ್ರಿ, ಜೂಜು ಏನ್ರಿ?’

ಆ ಪ್ರಶ್ನೆ ಕುತೂಹಲದ್ದಾಗಿರಲಿಲ್ಲ. ಅವರ ಹಿರಿಯ ಮಗ ಕೆಲವು ವರ್ಷಗಳ ಹಿಂದೆ ಇಂಥದೇ ಮೊಬೈಲ್‌ನಲ್ಲಿ ಹಣ ಕಟ್ಟಿ ಆಡುವ ಇಸ್ಪೀಟಿಗೆ ಬಿದ್ದು ಒಂದು ಹಂಗಾಮಿನ ಲಿಂಬೆಯ ದುಡ್ಡನ್ನು ಕಳೆದಿದ್ದ. ಒಂದೇ ಗಾಜಿನ ಪರದೆಯ ಮೇಲೆ ಮಗನಿಗೆ ಸಾಲ ಕಾಣಿಸಿತು, ಮೊಮ್ಮಗನಿಗೆ ರಾಷ್ಟ್ರೀಯ ತಂಡ ಕಾಣಿಸುತ್ತಿದೆ. ಈ ಎರಡರ ನಡುವಿನ ವ್ಯತ್ಯಾಸವನ್ನು ಅಜ್ಜನಿಗೆ ಅರ್ಥವಾಗುವಂತೆ ಹೇಳಲು ನಾನು ಆ ಕ್ಷಣ ತಡವರಿಸಿದೆ. ಈ ಲೇಖನ ಅಂದು ಹೇಳಲಾಗದೆ ಹೋದ ಉತ್ತರ.

ಕಾನೂನಿನ ಮಟ್ಟಿಗೆ ಹುಡುಗ ಹೇಳಿದ್ದು ನಿಜ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರದ ಕಾರ್ಯಹಂಚಿಕೆ ನಿಯಮಗಳಿಗೆ ತಿದ್ದುಪಡಿಯಾಗಿ, ಬಹುಕ್ರೀಡಾ ಕೂಟಗಳ ಭಾಗವಾಗಿರುವ ಇ-ಕ್ರೀಡೆ ಕ್ರೀಡಾ ಇಲಾಖೆಗೂ, ಆನ್‌ಲೈನ್ ಗೇಮಿಂಗ್ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯಕ್ಕೂ ಹಂಚಿಕೆಯಾದವು. ಕಡತಗಳ ನಡುವೆ ಆಯುಷ್ಯ ಕಳೆದ ನನ್ನಂಥವರಿಗೆ ಇಂಥ ಒಂದು ಸಾಲಿನ ತಿದ್ದುಪಡಿಯ ತೂಕ ಗೊತ್ತು. ಯಾವ ಇಲಾಖೆಯ ಹೊಣೆ ಎಂದು ನಿರ್ಧಾರವಾಗುವ ತನಕ ಯಾವ ವಿಷಯಕ್ಕೂ ಆಡಳಿತದಲ್ಲಿ ಅಸ್ತಿತ್ವವಿರುವುದಿಲ್ಲ. ನಂತರ 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯನ್ನು ಅಂಗೀಕರಿಸಿತು. ಅದು ಇ-ಕ್ರೀಡೆಯನ್ನು ಸ್ಪರ್ಧಾತ್ಮಕ ಕ್ರೀಡೆಯೆಂದು ಮಾನ್ಯ ಮಾಡಿ, ಹಣ ಪಣಕ್ಕಿಟ್ಟು ಆಡಿಸುವ ಆಟಗಳನ್ನು ನಿಷೇಧಿಸಿತು. ಇಂಥ ಯತ್ನವನ್ನು ನಮ್ಮ ರಾಜ್ಯ ಮೊದಲೇ ಮಾಡಿತ್ತು. 2021ರ ಪೊಲೀಸ್ ಕಾಯ್ದೆಯ ತಿದ್ದುಪಡಿಯ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಗೊಳಿಸಿತು. ಕೇಂದ್ರದ ಕಾಯ್ದೆಯೂ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಅದೇನೇ ಇರಲಿ, ಆ ಕಾಯ್ದೆ ಎಳೆದ ಗೆರೆ ಸರಿಯಾದದ್ದು. ಪಣವಿದ್ದರೆ ಜೂಜು, ಪಣವಿಲ್ಲದೆ ಕೌಶಲ, ಚುರುಕು, ಯೋಜನೆಗಳಿಂದ ಸೋಲು ಗೆಲುವು ನಿರ್ಧಾರವಾದರೆ ಕ್ರೀಡೆ. ಅಜ್ಜನ ಪ್ರಶ್ನೆಗೆ ಅರ್ಧ ಉತ್ತರ ಇದು.

ಉಳಿದರ್ಧ ಉತ್ತರ ಕಷ್ಟದ್ದು. ಅದಕ್ಕೆ ಹಾಂಗ್‌ಝೌಗೆ ಹೋಗಬೇಕು.

2022ರ ಏಷ್ಯನ್ ಕ್ರೀಡಾಕೂಟ ಕೋವಿಡ್‌ನ ಕಾರಣ ಮುಂದೂಡಲ್ಪಟ್ಟು 2023ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆಯಿತು. ಭಾರತ 28 ಚಿನ್ನ ಸೇರಿ 107 ಪದಕ ಗೆದ್ದು ಮೊದಲ ಬಾರಿ ನೂರರ ಗಡಿ ದಾಟಿದ್ದನ್ನು ನಾವೆಲ್ಲ ಸಂಭ್ರಮಿಸಿದೆವು. ಇ-ಕ್ರೀಡೆ ಪೂರ್ಣ ಪದಕ ಕ್ರೀಡೆಯಾಗಿ ಮೊದಲು ನಡೆದದ್ದೂ ಅದೇ ಕೂಟದಲ್ಲಿ. ಏಳು ಆಟಗಳಲ್ಲಿ ಚಿನ್ನವಿತ್ತು. ಭಾರತ ನಾಲ್ಕರಲ್ಲಿ ಸ್ಪರ್ಧಿಸಿತು: ಲೀಗ್ ಆಫ್ ಲೆಜೆಂಡ್ಸ್, ಡೋಟಾ 2, ಸ್ಟ್ರೀಟ್ ಫೈಟರ್ 5 ಮತ್ತು ಫಿಫಾ ಆನ್‌ಲೈನ್ 4. ಅಕ್ಷಜ್ ಶೆಣೈ ನಾಯಕತ್ವದ ಲೀಗ್ ಆಫ್ ಲೆಜೆಂಡ್ಸ್ ತಂಡ ಮಧ್ಯ ಮತ್ತು ದಕ್ಷಿಣ ಏಷ್ಯಾ ವಲಯದ ಸ್ಪರ್ಧೆಯಲ್ಲಿ ಅಗ್ರಸ್ಥಾನ ಪಡೆದು ನೇರವಾಗಿ ಕ್ವಾರ್ಟರ್ ಫೈನಲ್‌ಗೆ ಬಂದಿತ್ತು. ಅಲ್ಲಿ ವಿಯೆಟ್ನಾಂ ಎದುರು 0-2ರಿಂದ ಸೋತಿತು. ಉಳಿದ ಮೂರು ಆಟಗಳಿಂದಲೂ ಪದಕ ಬರಲಿಲ್ಲ.

ಸೋಲಿನಲ್ಲಿ ಅವಮಾನವೇನೂ ಇಲ್ಲ. ನನ್ನ ಗಮನ ಸೆಳೆದದ್ದು ಬೇರೊಂದು ಸಂಗತಿ. ಭಾರತ ಸ್ಪರ್ಧಿಸಿದ ಆ ನಾಲ್ಕು ಆಟಗಳೂ ಒಳ್ಳೆಯ ಕಂಪ್ಯೂಟರ್ ಅಥವಾ ಕನ್ಸೋಲ್ ಬೇಡುವ ಆಟಗಳು. ನಮ್ಮ ಹಳ್ಳಿ, ಪಟ್ಟಣಗಳ ಲಕ್ಷಾಂತರ ಹುಡುಗರು ಆಡುವುದು ಮೊಬೈಲ್ ಆಟ. ಅವರಲ್ಲಿ ಅತಿ ಜನಪ್ರಿಯವಾಗಿದ್ದ ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರ್‌ನಲ್ಲಿ ದೇಶದ ಭದ್ರತೆಯ ಕಾರಣಕ್ಕೆ ನಿಷೇಧವಾಯಿತು. ಭಾರತಕ್ಕೆಂದೇ ರೂಪಿಸಿದ ಅದರ ಆವೃತ್ತಿ 2021ರಲ್ಲಿ ಬಂದು, 2022ರ ಜುಲೈನಲ್ಲಿ ಮಾಯವಾಗಿ, 2023ರ ಮೇ ತಿಂಗಳಲ್ಲಿ ಮರಳಿತು. ಭದ್ರತೆಯ ನಿರ್ಧಾರವನ್ನು ನಾನು ಪ್ರಶ್ನಿಸುತ್ತಿಲ್ಲ. ಪರಿಣಾಮವನ್ನಷ್ಟೇ ಹೇಳುತ್ತಿದ್ದೇನೆ: ಹಾಂಗ್‌ಝೌಗೆ ಹೋದ ‘ರಾಷ್ಟ್ರೀಯ’ ತಂಡ ಮನೆಯಲ್ಲಿ ಕಂಪ್ಯೂಟರೂ ಫೈಬರ್ ಸಂಪರ್ಕವೂ ಇರುವ ಕಿರಿದಾದ ವಲಯದಿಂದ ಆರಿಸಿದ ತಂಡವಾಗಿತ್ತು. ಆಟಗಾರರ ಪ್ರತಿಭೆಗೆ ಇದರಿಂದ ಕುಂದಿಲ್ಲ. ಆದರೆ ಬಾವಿ ಕಿರಿದಾದಷ್ಟೂ ನೀರು ಕಡಿಮೆ ಎಂಬುದು ಲಿಂಬೆ ಬೆಳೆಯುವ ಯಾವ ರೈತನಿಗೂ ಗೊತ್ತಿರುವ ಲೆಕ್ಕ.

ಇದಕ್ಕೆ ಎದುರು ಸಾಕ್ಷಿಯೂ ಇದೆ. 2018ರ ಜಕಾರ್ತಾ ಕೂಟದಲ್ಲಿ ಇ-ಕ್ರೀಡೆ ಪ್ರದರ್ಶನ ಸ್ಪರ್ಧೆಯಾಗಿ ನಡೆದಾಗ ಭಾರತದ ತೀರ್ಥ್ ಮೆಹ್ತಾ ಕಂಚು ಗೆದ್ದರು. ಪ್ರದರ್ಶನ ಸ್ಪರ್ಧೆಯಾದ್ದರಿಂದ ಅದು ಪದಕಪಟ್ಟಿಗೆ ಸೇರಲಿಲ್ಲ, ಹೆಚ್ಚಿನವರ ನೆನಪಿಗೂ ಸೇರಲಿಲ್ಲ. ಮೆಹ್ತಾ ಗುಜರಾತಿನ ಕಛ್‌ನ ಭುಜ್ ಊರಿನವರು, ಮಹಾನಗರದವರಲ್ಲ. ಅವರು ಆಡಿದ ಹಾರ್ತ್‌ಸ್ಟೋನ್ ಇಸ್ಪೀಟಿನಂತೆ ಒಬ್ಬರಾದ ಮೇಲೊಬ್ಬರು ಎಲೆ ಇಳಿಸುವ ಆಟ. ಸಾಧಾರಣ ಮೊಬೈಲ್‌ನಲ್ಲಿಯೂ ಆಡಬಹುದು, ಸಂಪರ್ಕ ಕೊಂಚ ನಿಧಾನವಾದರೂ ನಡೆಯುತ್ತದೆ. ಏಷ್ಯನ್ ಕೂಟದ ಇ-ಕ್ರೀಡೆಯಲ್ಲಿ ನಮಗೆ ಮೊದಲ ಪದಕ ಬಂದದ್ದು ತಂತಿಯೂ ಯಂತ್ರವೂ ಅತಿ ಕಡಿಮೆ ಲೆಕ್ಕಕ್ಕೆ ಬರುವ ಆಟದಲ್ಲಿ. ಒಂದೇ ಉದಾಹರಣೆಯಿಂದ ಸಿದ್ಧಾಂತ ಕಟ್ಟಬಾರದೆಂದು ಅರ್ಥಶಾಸ್ತ್ರದ ತರಗತಿಯಲ್ಲಿ ಕಲಿತಿದ್ದೇನೆ. ಆದರೂ ಈ ಉದಾಹರಣೆ ಒಂದು ದಿಕ್ಕನ್ನು ತೋರಿಸುತ್ತದೆ.

ಅದೇ ಹಾರ್ತ್‌ಸ್ಟೋನ್ ಮುಂದೆ ಏನಾಯಿತೆಂಬುದು ಇನ್ನೂ ಬೋಧಪ್ರದ. ಹಾಂಗ್‌ಝೌ ಪಟ್ಟಿಯಲ್ಲಿ ಅದೂ ಇತ್ತು. ಆಗ ಪದಕ ಆಟಗಳು ಎಂಟು. ಭಾರತದ ಆಯ್ಕೆ ಸ್ಪರ್ಧೆ 2022ರಲ್ಲಿಯೇ ಮುಗಿದಿತ್ತು. 2023ರ ಜನವರಿಯಲ್ಲಿ ಆಟದ ಒಡೆಯರಾದ ಬ್ಲಿಝಾರ್ಡ್ ಕಂಪನಿಗೂ ಅದರ ಚೀನೀ ಪಾಲುದಾರ ನೆಟ್‌ಈಸ್‌ಗೂ ಇದ್ದ ಪರವಾನಗಿ ಒಪ್ಪಂದ ಮುಗಿಯಿತು, ನವೀಕರಣವಾಗಲಿಲ್ಲ. ಚೀನಾದಲ್ಲಿ ಆಟದ ಸೇವೆ ನಿಂತಿತು. ಕೂಟದ ಪಟ್ಟಿಯಿಂದ ಆಟ ಬಿದ್ದುಹೋಯಿತು, ಎಂಟು ಏಳಾಯಿತು. ಆಯ್ಕೆಯಾಗಿದ್ದ ಆಟಗಾರರು ಮನೆಯಲ್ಲೇ ಉಳಿದರು. ಅವರು ಯಾರಿಗೂ ಸೋತಿರಲಿಲ್ಲ, ಯಾವ ನಿಯಮವನ್ನೂ ಮುರಿದಿರಲಿಲ್ಲ. ಎರಡು ಕಂಪನಿಗಳ ನಡುವಿನ ಚೌಕಾಸಿಯಲ್ಲಿ ಅವರ ಮೈದಾನವೇ ಇಲ್ಲವಾಗಿತ್ತು.

ಇ-ಕ್ರೀಡೆ ಉಳಿದ ಕ್ರೀಡೆಗಳಿಗಿಂತ ಭಿನ್ನವಾಗುವುದು ಇಲ್ಲಿ. ಬೆರಳಾಡಿಸುವುದು ವ್ಯಾಯಾಮವೇ ಎಂಬ ವಾದ ಸುಮ್ಮನೆ ಕಾಲಹರಣ. ಚದುರಂಗವೂ ಏಷ್ಯನ್ ಕೂಟದಲ್ಲಿ ನಡೆದದ್ದುಂಟು. ನಿಜವಾದ ಭಿನ್ನತೆ ಒಡೆತನದ್ದು. ಕಬಡ್ಡಿಗೆ ಒಡೆಯರಿಲ್ಲ, ಕುಸ್ತಿಗೆ ಒಡೆಯರಿಲ್ಲ. 1990ರ ಬೀಜಿಂಗ್ ಕೂಟದಲ್ಲಿ ಕಬಡ್ಡಿ ಸೇರಿದಾಗ ಯಾರ ಪರವಾನಗಿಯನ್ನೂ ಪಡೆಯಬೇಕಿರಲಿಲ್ಲ. ಒಡೆಯರಿಲ್ಲದ ಆಟವನ್ನು ಯಾರೂ ಕಲಿತು ನಮ್ಮನ್ನೇ ಸೋಲಿಸಬಹುದು ಎಂಬುದನ್ನು ಇರಾನ್ ಜಕಾರ್ತಾದ ಸೆಮಿಫೈನಲ್‌ನಲ್ಲಿ ನಮ್ಮ ಪುರುಷರ ತಂಡಕ್ಕೆ ತೋರಿಸಿಕೊಟ್ಟಿತು. ಆಟದ ಆರೋಗ್ಯದ ಲಕ್ಷಣವೇ ಅದು. ಅರ್ಥಶಾಸ್ತ್ರದ ಭಾಷೆಯಲ್ಲಿ ಕಬಡ್ಡಿಯ ನಿಯಮ ಸಾರ್ವಜನಿಕ ಸರಕು. ಇ-ಕ್ರೀಡೆಯಲ್ಲಾದರೋ ಚೆಂಡು, ಅಂಗಳ, ನಿಯಮ ಮೂರೂ ಒಂದು ಕಂಪನಿಯ ಖಾಸಗಿ ಆಸ್ತಿ. ಬೇರೆಯವರ ಅಂಗಡಿಯಲ್ಲಿ ನಾವು ನಮ್ಮ ಧ್ವಜ ಹಿಡಿದು ಆಡುತ್ತಿದ್ದೇವೆ. ಅಂಗಡಿ ಯಾವಾಗ ಮುಚ್ಚುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ.

ಸಂಸ್ಥೆಗಳ ಮಾತುಕತೆಯೂ ಇಲ್ಲಿ ಕಲ್ಲಿನ ಬರಹವಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2024ರಲ್ಲಿ ಸೌದಿ ಅರೇಬಿಯಾದೊಂದಿಗೆ 12 ವರ್ಷಗಳ ಇ-ಕ್ರೀಡಾ ಒಲಿಂಪಿಕ್ ಒಪ್ಪಂದ ಘೋಷಿಸಿತು. 2025ರ ಅಕ್ಟೋಬರ್‌ನಲ್ಲಿ, ಒಂದೂ ಕೂಟ ನಡೆಯುವ ಮೊದಲೇ, ಇಬ್ಬರೂ ಒಪ್ಪಿ ಅದನ್ನು ಕೈಬಿಟ್ಟರು.

‘ಕಲ್ಲಿನ ಬರಹ’ ಎಂದು ಬರೆಯುವಾಗ ನನ್ನ ಮನಸ್ಸಿನಲ್ಲಿದ್ದದ್ದು ಸಾಲೋಟಗಿಯ ಶಾಸನವೇ. ಜೀಪಿನ ಆ ಹಿರಿಯರೇ ಹಿಂದೊಮ್ಮೆ ನನಗೆ ಅದರ ಕಥೆ ಹೇಳಿದ್ದರು. ಓದಿ ತಿಳಿದದ್ದು ಆಮೇಲೆ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಕಾಲದಲ್ಲಿ, ಕ್ರಿ.ಶ. 945ರಲ್ಲಿ, ಪಾವಿಟ್ಟಗೆ ಎಂದು ಆಗ ಕರೆಯುತ್ತಿದ್ದ ಈ ಊರಿನಲ್ಲಿ ಮಂತ್ರಿ ನಾರಾಯಣ ಒಂದು ಶಾಲೆ ಕಟ್ಟಿಸಿದ. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿ ಓದುತ್ತಿದ್ದರು. ‘ಶಾಲೆ’ ಮತ್ತು ‘ಪಾವಿಟ್ಟಗೆ’ ಕೂಡಿಯೇ ಊರಿನ ಇಂದಿನ ಹೆಸರು ಬಂತೆಂದು ವಿದ್ವಾಂಸರು ಹೇಳುತ್ತಾರೆ. ಆಡಳಿತಗಾರನಾಗಿ ನನ್ನನ್ನು ಹಿಡಿದು ನಿಲ್ಲಿಸುವುದು ಆ ಶಾಸನದ ಖರ್ಚಿನ ಪಟ್ಟಿ. ವಿದ್ಯಾರ್ಥಿಗಳ ವಾಸಕ್ಕೆ 27 ಮನೆ. ಅವರ ನಿರ್ವಹಣೆಗೆ ಭೂಮಿ. ಉಪಾಧ್ಯಾಯರಿಗೆ ಭೂಮಿ. ರಾತ್ರಿ ಓದಲು ಹಚ್ಚುವ ದೀಪಕ್ಕೆ ಪ್ರತ್ಯೇಕ ಭೂಮಿ. ಇಷ್ಟು ಸಾಲದೆಂದು ಊರವರೂ ತಮ್ಮ ಪಾಲು ಕೊಡಬೇಕು: ಮದುವೆಗೆ ಐದು ನಾಣ್ಯ, ಉಪನಯನಕ್ಕೆ ಅದರರ್ಧ, ಚೌಳಕ್ಕೆ ಮತ್ತೆ ಅದರರ್ಧ. ಇಷ್ಟನ್ನೂ ಕಲ್ಲಿನಲ್ಲಿ ಕೆತ್ತಿಸಿದರು. ಮುಂದಿನವನು ಮನಸ್ಸು ಬದಲಿಸಿದರೂ ದೀಪ ಆರದಿರಲೆಂದು.

ಆ ಶಾಲೆಯನ್ನು ನಾನು ವೈಭವೀಕರಿಸುತ್ತಿಲ್ಲ. ಅದು ವೈದಿಕ ವಿದ್ಯೆಯ ಶಾಲೆ, ಅದರ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಎರಡು ಶತಮಾನಗಳ ನಂತರ ಇದೇ ಸೀಮೆಯ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಅಂಥ ಬಾಗಿಲುಗಳನ್ನೇ ಪ್ರಶ್ನಿಸಿದರು. ಹಾಗಾಗಿ ಸಾಲೋಟಗಿಯಿಂದ ಲೆಕ್ಕವನ್ನು ತೆಗೆದುಕೊಳ್ಳೋಣ, ಬಾಗಿಲನ್ನಲ್ಲ. ಅಂದಿನ ಬಾಗಿಲನ್ನು ಹುಟ್ಟು ತೆರೆಯುತ್ತಿತ್ತು. ಇಂದು ಇ-ಕ್ರೀಡೆಯ ಬಾಗಿಲನ್ನು ತೆರೆಯುವುದು ತಂತಿ. ಬೆರಳು ಒತ್ತಿದ ಸಂದೇಶ ಮುಂಬೈಯಲ್ಲೋ ಸಿಂಗಪುರದಲ್ಲೋ ಇರುವ ಸರ್ವರ್ ತಲುಪಿ ಮರಳಲು ನಗರದ ಫೈಬರ್‌ನಲ್ಲಿ ಕೆಲವು ಹತ್ತು ಮಿಲಿಸೆಕೆಂಡ್ ಸಾಕು. ದುರ್ಬಲ ಮೊಬೈಲ್ ಸಿಗ್ನಲ್‌ನಲ್ಲಿ ಅದು ಇನ್ನೂರು ಮುನ್ನೂರಕ್ಕೆ ಏರುತ್ತದೆ. ಕಟ್ಟೆಯ ತುದಿಯಲ್ಲಿ ಕುಳಿತ ಹುಡುಗ ಗುರಿಯಿಡುವ ಮೊದಲೇ ಎದುರಾಳಿ ಹೊಡೆದು ಮುಗಿಸಿರುತ್ತಾನೆ. ಸೋತದ್ದು ತನ್ನ ಕೈಯೋ ತಂತಿಯೋ ಎಂಬುದು ಆ ಹುಡುಗನಿಗೆ ಎಂದೂ ತಿಳಿಯುವುದಿಲ್ಲ.

ಇಲ್ಲೊಂದು ಆಕ್ಷೇಪಣೆ ಏಳುತ್ತದೆ. ನಾನೇ ಬಹುಕಾಲ ಅದನ್ನು ಎತ್ತಿದವನು. ಶಾಲೆಗಳಿಗೆ ದೈಹಿಕ ಶಿಕ್ಷಕರಿಲ್ಲ, ಆಟದ ಬಯಲುಗಳು ಒತ್ತುವರಿಯಾಗಿವೆ. ಹೀಗಿರುವಾಗ ಪರದೆಯ ಆಟಕ್ಕೆ ಸಾರ್ವಜನಿಕ ಹಣವೇ? ಮೊಬೈಲ್ ಚಟದ ಮಕ್ಕಳಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿಯೇ ಪ್ರತ್ಯೇಕ ಚಿಕಿತ್ಸಾಲಯ ತೆರೆಯಬೇಕಾಯಿತು; ಗೇಮಿಂಗ್ ಅಸ್ವಸ್ಥತೆಯನ್ನು ವಿಶ್ವ ಆರೋಗ್ಯ ಸಂಸ್ಥೆ ರೋಗಗಳ ವರ್ಗೀಕರಣಕ್ಕೆ ಸೇರಿಸಿತು. ಈ ಆತಂಕವನ್ನು ನಗುತ್ತಾ ತಳ್ಳಿಹಾಕುವವರು ಒಂದು ಸಂಸಾರವನ್ನೂ ಹತ್ತಿರದಿಂದ ನೋಡಿದವರಲ್ಲ.

ಆದರೆ ಆಡಳಿತಕ್ಕೆ ಇರುವ ಆಯ್ಕೆ ಮಕ್ಕಳು ಆಡಬೇಕೋ ಬೇಡವೋ ಎಂಬುದಲ್ಲ. ಅವರು ಆಡುತ್ತಿದ್ದಾರೆ. ಕಟ್ಟೆಯ ತುದಿಯಲ್ಲಿ ಒಂಟಿಯಾಗಿ, ಯಾರ ಕಣ್ಗಾವಲೂ ಇಲ್ಲದೆ, ಜೂಜಿನ ಜಾಹೀರಾತು ಹಾಯುವ ಪರದೆಯಲ್ಲಿ ಆಡಬೇಕೋ, ಅಥವಾ ಗೊತ್ತಾದ ಹೊತ್ತಿನಲ್ಲಿ, ಗೊತ್ತಾದ ಜಾಗದಲ್ಲಿ, ಹಿರಿಯರೊಬ್ಬರ ಎದುರು ಆಡಬೇಕೋ ಎಂಬುದು ಆಯ್ಕೆ. ಚಟ ಒಂಟಿತನದಲ್ಲಿ ಬೆಳೆಯುತ್ತದೆ. ಕ್ರೀಡೆಗೆ ತಂಡ, ವೇಳಾಪಟ್ಟಿ, ಗುರು ಬೇಕು. ಜೂಜಿಗೂ ಕ್ರೀಡೆಗೂ ಇರುವ ವ್ಯತ್ಯಾಸವನ್ನು ಕಾಯ್ದೆ ಕಾಗದದ ಮೇಲೆ ಬರೆಯಬಲ್ಲದು. ಬದುಕಿನಲ್ಲಿ ಆ ಗೆರೆ ಎಳೆಯುವುದು ಇಂಥ ಏರ್ಪಾಡುಗಳು.

ದಕ್ಷಿಣ ಕೊರಿಯಾದ ಕಥೆ ಇದನ್ನೇ ಹೇಳುತ್ತದೆ. 1997ರ ಆರ್ಥಿಕ ಕುಸಿತದ ನಂತರ ಅಲ್ಲಿನ ಸರ್ಕಾರ ಬ್ರಾಡ್‌ಬ್ಯಾಂಡ್ ಜಾಲವನ್ನು ದೇಶದ ಮೂಲಸೌಕರ್ಯವೆಂದು ಹರಡಿತು. ಗಂಟೆಯ ಲೆಕ್ಕದಲ್ಲಿ ಅಗ್ಗಕ್ಕೆ ಕಂಪ್ಯೂಟರ್ ಸಿಗುವ ‘ಪಿಸಿ ಬಾಂಗ್’ ಅಂಗಡಿಗಳು ಬೀದಿಬೀದಿಗೆ ಬಂದವು. 2000ದಲ್ಲಿ ಇ-ಕ್ರೀಡಾ ಸಂಘ ಸರ್ಕಾರದ ಅನುಮೋದನೆಯೊಂದಿಗೆ ಸ್ಥಾಪನೆಯಾಯಿತು. ಹಾಂಗ್‌ಝೌನಲ್ಲಿ ಲೀಗ್ ಆಫ್ ಲೆಜೆಂಡ್ಸ್ ಚಿನ್ನ ಗೆದ್ದ ಕೊರಿಯಾ ತಂಡದಲ್ಲಿ ‘ಫೇಕರ್’ ಎಂದು ಜಗತ್ತು ಬಲ್ಲ ಲೀ ಸಾಂಗ್-ಹ್ಯೋಕ್ ಇದ್ದರು. ಸ್ಟ್ರೀಟ್ ಫೈಟರ್ ಚಿನ್ನ ಗೆದ್ದ ಕಿಮ್ ಗ್ವಾನ್-ವೂಗೆ ಆಗ 44 ವರ್ಷ. ಆ ಚಿನ್ನಗಳ ಹಿಂದೆ ಕಾಲು ಶತಮಾನದ ತಂತಿಯಿದೆ.

ದೂರದ ಕೊರಿಯಾ ಏಕೆ, ವಿಜಯಪುರದ್ದೇ ಸೈಕ್ಲಿಂಗ್ ನೋಡಿ. ಈ ಬರದ ಜಿಲ್ಲೆಯೂ ನೆರೆಯ ಬಾಗಲಕೋಟೆಯೂ ದಶಕಗಳಿಂದ ರಾಷ್ಟ್ರಮಟ್ಟದ ಸೈಕಲ್ ಪಟುಗಳನ್ನು ಕೊಟ್ಟಿವೆ. ಸ್ಪರ್ಧೆಯ ಸೈಕಲ್ ಅಗ್ಗದ್ದಲ್ಲ. ಒಕ್ಕಲಿನ ಮನೆಯ ಹುಡುಗಿಯೊಬ್ಬಳು ಅದನ್ನು ಕೊಂಡು ತರಬೇತಿ ಪಡೆಯಲಾರಳು. ಕ್ರೀಡಾ ಇಲಾಖೆಯ ವಸತಿ ನಿಲಯ, ತರಬೇತುದಾರ, ಊಟ ಇದ್ದದ್ದರಿಂದ ಅದು ಸಾಧ್ಯವಾಯಿತು. ಅಂದರೆ ಮನೆ, ಉಪಾಧ್ಯಾಯ, ದೀಪ. ಸಾಲೋಟಗಿಯ ಪಟ್ಟಿಯೇ ಅದು.

ಹಾಗಾದರೆ ಮಾಡಬೇಕಾದ್ದೇನು? ಹೊಸ ಕಟ್ಟಡ, ಹೊಸ ನಿಗಮ, ಹೊಸ ಅಧ್ಯಕ್ಷಗಿರಿ ಯಾವುದೂ ಬೇಡ. ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ವ್ಯಾಪ್ತಿಗೆ ಬಂದು, ಈಗ ಅರಿವು ಕೇಂದ್ರಗಳಾಗಿ, ಎಷ್ಟೋ ಕಡೆ ಕಂಪ್ಯೂಟರ್ ಸಹಿತ ನಿಂತಿವೆ. ಪಂಚಾಯಿತಿಗಳಿಗೆ ಫೈಬರ್ ತಲುಪಿಸುವ ಯೋಜನೆಗೆ ಕೇಂದ್ರ ಒಪ್ಪಿಗೆ ಕೊಟ್ಟದ್ದು 2011ರಲ್ಲಿ. ತಾಲ್ಲೂಕಿಗೆ ಒಂದಾದರೂ ಅರಿವು ಕೇಂದ್ರಕ್ಕೆ ಆ ಫೈಬರ್ ನಿಜವಾಗಿ ಹರಿಯುವಂತೆ ಮಾಡಿ, ನಾಲ್ಕಾರು ಒಳ್ಳೆಯ ಯಂತ್ರ ಇಟ್ಟು, ಸಂಜೆ ಎರಡು ಗಂಟೆ ತೆರೆಯಲಿ. ಆ ಯಂತ್ರದಲ್ಲಿ ಹಗಲು ಓದು, ಸಂಜೆ ಆಟ. ಇ-ಕ್ರೀಡೆ ನಾಳೆಯೇ ಅಳಿದುಹೋದರೂ ತಂತಿಯೂ ಯಂತ್ರವೂ ಊರಿಗೆ ಉಳಿಯುತ್ತವೆ. ಸಾರ್ವಜನಿಕ ವೆಚ್ಚವನ್ನು ತೂಗುವಾಗ ನಾನು ಸದಾ ಕೇಳುತ್ತಿದ್ದ ಪ್ರಶ್ನೆ ಅದು: ಯೋಜನೆ ಸೋತರೆ ಊರಿಗೆ ಏನು ಉಳಿಯುತ್ತದೆ?

ಎರಡನೆಯದು ಆಯ್ಕೆ. 2025ರಲ್ಲಿ ಬಿಹಾರದ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿ ಇ-ಕ್ರೀಡೆ ಪ್ರದರ್ಶನ ಸ್ಪರ್ಧೆಯಾಗಿ ಬಂದದ್ದು ಒಳ್ಳೆಯ ಆರಂಭ. ಅದೇ ವರ್ಷದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಉಳಿದ ಕ್ರೀಡೆಗಳ ಒಕ್ಕೂಟಗಳಿಂದ ನಿರೀಕ್ಷಿಸುವ ಪಾರದರ್ಶಕತೆ ಇ-ಕ್ರೀಡೆಗೂ ಅನ್ವಯವಾಗಲಿ. ಆಯ್ಕೆ ಸ್ಪರ್ಧೆ ಜಿಲ್ಲಾ ಕೇಂದ್ರಗಳಲ್ಲಿ, ಒಂದೇ ಬಗೆಯ ಯಂತ್ರ ಮತ್ತು ಸಂಪರ್ಕದ ಮೇಲೆ ನಡೆಯಲಿ. ಓಟದ ಸ್ಪರ್ಧೆಯಲ್ಲಿ ಒಬ್ಬನನ್ನು ಡಾಂಬರಿನ ಮೇಲೂ ಇನ್ನೊಬ್ಬನನ್ನು ಉಳುಮೆಯ ಹೊಲದಲ್ಲೂ ಓಡಿಸುವುದಿಲ್ಲವಷ್ಟೆ.

ಮೂರನೆಯದು ಒಡೆಯರೊಂದಿಗಿನ ಒಪ್ಪಂದ. 2026ರ ಐಚಿ-ನಗೋಯಾ ಏಷ್ಯನ್ ಕೂಟಕ್ಕೂ ಇ-ಕ್ರೀಡೆ ಪದಕ ಕ್ರೀಡೆಯಾಗಿಯೇ ಆಯ್ಕೆಯಾಯಿತು. ಯಾವ ಆಟ ಪಟ್ಟಿಗೆ ಸೇರುತ್ತದೋ ಅದರ ಕಂಪನಿ ಕೂಟ ಮುಗಿಯುವ ತನಕ ಅದನ್ನು ಹಿಂದಕ್ಕೆ ಪಡೆಯುವಂತಿಲ್ಲ, ಪಡೆದರೆ ಆಟಗಾರರಿಗೆ ನಷ್ಟ ತುಂಬಿಕೊಡಬೇಕು ಎಂಬ ಷರತ್ತನ್ನು ಏಷ್ಯಾ ಒಲಿಂಪಿಕ್ ಮಂಡಳಿ ವಿಧಿಸುವಂತೆ ಭಾರತ ಒತ್ತಾಯಿಸಬೇಕು. ನಮ್ಮಷ್ಟು ದೊಡ್ಡ ಮಾರುಕಟ್ಟೆಯ ಮಾತನ್ನು ಯಾವ ಕಂಪನಿಯೂ ಕಡೆಗಣಿಸಲಾರದು. ಇಷ್ಟು ಗ್ರಾಹಕರಿರುವ ದೇಶ ಗ್ರಾಹಕನಾಗಿ ಮಾತ್ರ ಉಳಿಯುವುದು ನಾಚಿಕೆಗೇಡು.

ಇವುಗಳಲ್ಲಿ ಯಾವುದೂ ಸಾಲೋಟಗಿಯ ಆ ಹುಡುಗ ಭಾರತ ತಂಡಕ್ಕೆ ಆಡುತ್ತಾನೆಂಬ ಭರವಸೆ ಕೊಡುವುದಿಲ್ಲ. ಬಹುಪಾಲು ಹುಡುಗರು ಯಾವ ಕ್ರೀಡೆಯಲ್ಲೂ ಅಲ್ಲಿಯವರೆಗೆ ಹೋಗುವುದಿಲ್ಲ. ಅವನ ಪಿಯುಸಿಯೇ ಅವನ ಮೊದಲ ಕೆಲಸವೆಂದು ನಾನು ಅಲ್ಲಿಯೇ ಹೇಳಿ ಬಂದೆ. ಆದರೆ ತನ್ನ ಸೋಲು ತನ್ನದೋ ತಂತಿಯದೋ ಎಂದು ತಿಳಿಯುವ ಹಕ್ಕು ಅವನಿಗಿದೆ. ರಾಷ್ಟ್ರದ ಹೆಸರು ಹೊತ್ತ ತಂಡ ರಾಷ್ಟ್ರದೆಲ್ಲೆಡೆಯಿಂದ ಬರಬೇಕೆಂಬ ಮಾತು ಬರಿಯ ಭಾವುಕತೆಯಲ್ಲ.

ಅಜ್ಜನಿಗೆ ಈಗ ಉತ್ತರ ಹೇಳಬಲ್ಲೆ. ಇದು ಆಟವೇ. ಆದರೆ ಆಟವನ್ನು ಆಟವಾಗಿ ಉಳಿಸುವ ಖರ್ಚನ್ನು ಯಾರೂ ಹೊರದಿದ್ದರೆ ಅದು ಜೂಜಿನ ಕಡೆಗೆ ಜಾರುತ್ತದೆ. ಸಾವಿರ ವರ್ಷಗಳ ಹಿಂದೆ ಅವರ ಊರು ದೀಪದ ಎಣ್ಣೆಗೆಂದು ಹೊಲ ಬಿಟ್ಟು ಅದನ್ನು ಕಲ್ಲಿನಲ್ಲಿ ಬರೆಸಿತ್ತು. ನಾವು ಆ ಖರ್ಚನ್ನು ಯಾವ ಲೆಕ್ಕಶೀರ್ಷಿಕೆಯಲ್ಲಿ ಬರೆಯಬೇಕೆಂದೂ ಇನ್ನೂ ನಿರ್ಧರಿಸಿಲ್ಲ.